ಪರದೆಯ ಮಯೂರ, ಕಲ್ಲಿನ ಮಯೂರ

ಕದಂಬರ ಮಯೂರ ಎಂದೊಡನೆ ನಿಮ್ಮ ಕಣ್ಣಮುಂದೆ ಬರುವವರು ಯಾರು? ಮನೆಯ ಹಿರಿಯರನ್ನು ಕೇಳಿ ನೋಡಿ, ಡಾ. ರಾಜ್‌ಕುಮಾರ್ ಎನ್ನುತ್ತಾರೆ. 1975ರಲ್ಲಿ ತೆರೆಕಂಡ ‘ಮಯೂರ’ ಚಿತ್ರಕ್ಕೆ ದೇವುಡು ನರಸಿಂಹಶಾಸ್ತ್ರಿಗಳ ಅದೇ ಹೆಸರಿನ ಕಾದಂಬರಿ ಆಧಾರ. ನಿರ್ದೇಶನ ವಿಜಯ್ ಅವರದು, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ನಾನು ಅದನ್ನು ಮೊದಲು ನೋಡಿದ್ದು ನೆರೆಮನೆಯ ಕಪ್ಪು-ಬಿಳುಪು ಟಿ.ವಿ.ಯಲ್ಲಿ. ಸೀರೆ ನೇಯುವವರ ಊರು ಅದು. ಆ ಸಂಜೆ ನಮ್ಮ ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಅದು ಬಣ್ಣದ ಚಿತ್ರವೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಇತ್ತೀಚೆಗೆ ಕದಂಬರ ಕುರಿತ ಕಾರ್ಯಕ್ರಮವೊಂದರ ಸಿದ್ಧತೆಗಾಗಿ ಚಿತ್ರವನ್ನು ಮತ್ತೆ ನೋಡಿದೆ. ಜೊತೆಗೆ, ಕದಂಬರ ಇತಿಹಾಸವೆಂದು ಹೇಳಿಕೊಳ್ಳುವ ದಪ್ಪ ಪುಸ್ತಕವೊಂದನ್ನೂ ಓದಲು ಹಿಡಿದೆ. ಚಿತ್ರವನ್ನು ಕೊನೆಯವರೆಗೆ ನೋಡಿದೆ. ಪುಸ್ತಕವನ್ನು ಎಪ್ಪತ್ತನೆಯ ಪುಟದಲ್ಲಿ ಮುಚ್ಚಿಟ್ಟೆ.

ಚಿತ್ರದಲ್ಲಿ ಮಯೂರ ಬ್ರಾಹ್ಮಣರ ಮನೆಯಲ್ಲಿ ಬೆಳೆದ ಹುಡುಗ. ತಾನು ಪಲ್ಲವರಿಂದ ಹತನಾದ ಕದಂಬ ದೊರೆಯ ಮಗನೆಂದು ಮುಂದೆ ಅವನಿಗೆ ತಿಳಿಯುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯ ಮುಂದೆ ನಿಂತಿರುವ ಕಂಬದ ಶಾಸನ ಹೇಳುವುದೇ ಬೇರೆ. ಅಲ್ಲಿ ಅವನು ಮಯೂರಶರ್ಮ. ಮಾನವ್ಯ ಗೋತ್ರದ ಬ್ರಾಹ್ಮಣ. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವೇದಾಧ್ಯಯನಕ್ಕೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗುತ್ತದೆ. ಅವಮಾನಗೊಂಡ ವಿದ್ಯಾರ್ಥಿ ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ. ಕಳೆದುಹೋದ ರಾಜ್ಯವೂ ಇಲ್ಲ, ತಂದೆಯ ಸೇಡೂ ಇಲ್ಲ. ನಿಮ್ಮ ವಯಸ್ಸಿನವನೊಬ್ಬ ಕಾಲೇಜು ಬಿಟ್ಟು ದಂಗೆ ಎದ್ದ ಕಥೆ ಎನ್ನಿ!

ಹೊಸಕೋಟೆಯ ಕಡೆಯ ನಮಗೆ ಮುಂದಿನ ಭಾಗ ಇನ್ನೂ ಸ್ವಾರಸ್ಯ. ಅವನು ನೇರವಾಗಿ ಬನವಾಸಿಗೆ ಬರುವುದಿಲ್ಲ. ಪಲ್ಲವರ ಗಡಿ ಕಾವಲುಗಾರರನ್ನು ಸೋಲಿಸಿ, ಶ್ರೀಪರ್ವತದ ಬಾಗಿಲವರೆಗಿನ ಕಾಡುಗಳಲ್ಲಿ ನೆಲೆಯೂರುತ್ತಾನೆ. ಶ್ರೀಪರ್ವತವೆಂದರೆ ಇಂದಿನ ಶ್ರೀಶೈಲದ ಸೀಮೆ ಎಂದು ವಿದ್ವಾಂಸರು ಹೇಳುತ್ತಾರೆ. ಬಾಣರಿಂದ ಅವನು ಕಪ್ಪ ವಸೂಲು ಮಾಡಿದನಂತೆ. ಬಾಣರ ನೆಲ ಕೋಲಾರ, ಅನಂತಪುರದ ಕಡೆಯದು. ಅಂದರೆ ಕನ್ನಡ ನಾಡಿನ ಮೊದಲ ರಾಜವಂಶದ ಕಥೆ ಮೊದಲಾದದ್ದು ಮಲೆನಾಡಿನಲ್ಲಲ್ಲ, ನಮ್ಮ ಪೂರ್ವದ ಗಡಿಯಾಚೆ. ಕೊನೆಗೆ ಪಲ್ಲವರೇ ರಾಜಿಗೆ ಬಂದು, ಅವನನ್ನು ತಮ್ಮ ಸೇವೆಗೆ ಸೇರಿಸಿಕೊಂಡು, ಪಶ್ಚಿಮ ಸಮುದ್ರದ ಕಡೆಯ ನಾಡನ್ನು ಬಿಟ್ಟುಕೊಡುತ್ತಾರೆ. ಶತ್ರುವಿನ ಸೇವೆಗೆ ಸೇರಿದ ನಾಯಕನನ್ನು ಯಾವ ನಿರ್ಮಾಪಕ ತಾನೇ ತೆರೆಗೆ ತಂದಾನು?

ಹಾಗೆಂದು ಕಲ್ಲು ಹೇಳಿದ್ದೆಲ್ಲ ಸತ್ಯವೇ? ಸ್ವಲ್ಪ ನಿಲ್ಲಿ. ಆ ಕಂಬ ನಿಂತದ್ದು ಸುಮಾರು ಕ್ರಿ.ಶ. 450ರಲ್ಲಿ, ಮಯೂರನ ಕಾಲ ಕಳೆದು ನೂರು ವರ್ಷದ ಮೇಲೆ. ಬರೆಸಿದವನು ಅದೇ ವಂಶದ ದೊರೆ ಶಾಂತಿವರ್ಮ. ಬರೆದ ಕುಬ್ಜನೋ ಸಂಸ್ಕೃತದ ಒಳ್ಳೆಯ ಕವಿ. ತನ್ನ ದೊರೆಯ ಪೂರ್ವಜನನ್ನು ಅವನು ಹೊಗಳದೆ ಇರುತ್ತಾನೆಯೇ? ಅದೂ ಒಂದು ಬಗೆಯ ‘ಮಯೂರ’ ಚಿತ್ರವೇ.

ಮಯೂರನ ಕಾಲದ್ದೇ ಎನ್ನಲಾದ ಮಾತು ಬೇಕಾದರೆ ಚಿತ್ರದುರ್ಗದ ಚಂದ್ರವಳ್ಳಿಗೆ ಹೋಗಬೇಕು. ಅಲ್ಲಿನ ಬಂಡೆಯ ಮೇಲೆ ಪ್ರಾಕೃತ ಭಾಷೆಯ ಮೂರೇ ಸಾಲುಗಳಿವೆ. ಪ್ರೊ. ಎಂ.ಎಚ್. ಕೃಷ್ಣ ಅವರು ಅದನ್ನು 1929ರಲ್ಲಿ ಓದಿದರು. ಮಯೂರಶರ್ಮ ಗೆದ್ದವರದೆಂದು ತ್ರೈಕೂಟಕ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸೇಂದ್ರಕ, ಪುನ್ನಾಟ, ಮೌಖರಿ ಹೀಗೆ ಉದ್ದದ ಪಟ್ಟಿ ಅದರಲ್ಲಿ ಕಂಡಿತು. ಅಕ್ಷರಗಳು ಬಹಳ ಸವೆದಿವೆ. ಈ ಪಟ್ಟಿಯನ್ನು ನಂತರದ ಕೆಲವು ವಿದ್ವಾಂಸರು ಒಪ್ಪಲಿಲ್ಲ. ಆದರೆ ಒಂದು ವಿಷಯದಲ್ಲಿ ತಕರಾರಿಲ್ಲ: ಕದಂಬರ ಮಯೂರಶರ್ಮ ಅಲ್ಲೊಂದು ಕೆರೆ ಕಟ್ಟಿಸಿದ. ತಾಳಗುಂದದ ಕಂಬ ಹುಟ್ಟಿದ್ದೂ ಅವನ ಮರಿಮಗ ಕಾಕುತ್ಸ್ಥವರ್ಮ ಕಟ್ಟಿಸಿದ ಕೆರೆಯ ನೆನಪಿಗಾಗಿಯೇ. ಮಳೆಗಾಗಿ ಮುಗಿಲು ನೋಡುವ ಪಾವಗಡ ಸೀಮೆಯವನಾದ ನನಗೆ ಕತ್ತಿಗಿಂತ ಈ ಕೆರೆಗಳೇ ದೊಡ್ಡವು.

ಆ ದಪ್ಪ ಪುಸ್ತಕದ ನಾನು ಓದಿದ ಪುಟಗಳಲ್ಲಿ ಕೆರೆಯ ಮಾತೇ ಇಲ್ಲ. ಎಂಟು ದೊರೆಗಳನ್ನು ಗೆದ್ದ ವೈಭವ ಮಾತ್ರ ಪುಟಗಟ್ಟಲೆ ಇದೆ. ಆ ಓದಿನ ಬಗ್ಗೆ ಅನುಮಾನವಿದೆ ಎಂಬ ಸೊಲ್ಲೇ ಇಲ್ಲ. ಸಾಲದ್ದಕ್ಕೆ, ಕಳೆದುಕೊಂಡ ಸಿಂಹಾಸನದ ಕಥೆಯನ್ನು ಚಿತ್ರದಿಂದಲೋ ಕಾದಂಬರಿಯಿಂದಲೋ ಎತ್ತಿ, ನಡೆದ ಸಂಗತಿಯೆಂದೇ ಬರೆದಿದ್ದಾರೆ. ನಾವು ಬಿ.ಎಸ್ಸಿ. ಓದುವಾಗ ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ಉತ್ತರ ಸರಿಯಿದ್ದರೂ, ಅಳತೆ ಎಲ್ಲಿಂದ ಬಂತೆಂದು ತೋರಿಸದಿದ್ದರೆ ಮೇಷ್ಟ್ರು ಸಹಿ ಹಾಕುತ್ತಿರಲಿಲ್ಲ. ಚಿತ್ರ ತಾನು ಕಥೆಯೆಂದು ಒಪ್ಪಿಕೊಂಡೇ ನಮ್ಮೆದುರು ನಿಲ್ಲುತ್ತದೆ. ಆದ್ದರಿಂದ ರಾಜ್‌ಕುಮಾರ್ ಅವರ ಮಾತಿನ ಗತ್ತಿಗೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಪುಸ್ತಕಕ್ಕೆ ಆ ರಿಯಾಯಿತಿ ಕೊಡಲಾಗಲಿಲ್ಲ.

ಪಾವಗಡದ ಕಡೆಯವರು ಚಳ್ಳಕೆರೆಯ ಮೇಲೆ ಚಿತ್ರದುರ್ಗ ತಲುಪಬಹುದು. ಕೋಟೆ ನೋಡಲು ಹೋದವರು ಚಂದ್ರವಳ್ಳಿಗೂ ಒಂದು ಗಂಟೆ ಮೀಸಲಿಡಿ. ಎಳೆಬಿಸಿಲು ಓರೆಯಾಗಿ ಬೀಳುವ ಹೊತ್ತಾದರೆ ಸವೆದ ಅಕ್ಷರಗಳು ಸ್ವಲ್ಪವಾದರೂ ಕಂಡಾವು.