ಪೋಕೆಮಾನ್ ಗೋ
ಮೊಬೈಲಿನ ಜಿಪಿಎಸ್ ಮತ್ತು ಕ್ಯಾಮೆರಾ ಬಳಸಿ ನಿಜವಾದ ಬೀದಿಯ ಮೇಲೆ ಕಾಲ್ಪನಿಕ ಜೀವಿಗಳನ್ನು ಮೂಡಿಸುವ ಆಗ್ಮೆಂಟೆಡ್ ರಿಯಾಲಿಟಿ ಆಟ. ಅಮೆರಿಕದ ನಿಯಾಂಟಿಕ್ ಸಂಸ್ಥೆ 2016ರ ಜುಲೈನಲ್ಲಿ ಬಿಡುಗಡೆ ಮಾಡಿತು. ಭಾರತಕ್ಕೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂತು. ಆಡಲು ಮನೆಬಿಟ್ಟು ನಡೆಯಬೇಕಿತ್ತು: ಆಟದಲ್ಲಿ ಸಿಗುವ ಮೊಟ್ಟೆಯೊಡೆದು ಮರಿ ಬರಲು ಆರಂಭದಲ್ಲಿ 2, 5 ಅಥವಾ 10 ಕಿಲೋಮೀಟರ್ ನಡಿಗೆ ಬೇಕಿತ್ತು. ಆಟದ ನಕ್ಷೆಯಲ್ಲಿ ಗುರುತಿಸಿದ ನಿಜವಾದ ತಾಣಗಳೇ ಪೋಕೆಸ್ಟಾಪ್‌ಗಳು. ಒಬ್ಬರು ಪೋಕೆಸ್ಟಾಪ್‌ನಲ್ಲಿ ಜೀವಿಗಳನ್ನು ಸೆಳೆಯುವ ‘ಲೂರ್’ ಹಾಕಿದರೆ ಅರ್ಧ ಗಂಟೆ ಅಲ್ಲಿರುವ ಎಲ್ಲರಿಗೂ ಅದರ ಲಾಭ. ಅಪರಿಚಿತರು ಪಾರ್ಕುಗಳಲ್ಲಿ ಮಾತಿಗಿಳಿದದ್ದು ಹೀಗೆ. ಆಟದ ನಿಜವಾದ ಸಾಧನೆ ಇದೇ. ಆದರೆ ಆರಂಭದಲ್ಲಿ ಈ ತಾಣಗಳಲ್ಲಿ ಬಹುಪಾಲು, ಸಂಸ್ಥೆಯ ಹಿಂದಿನ ಆಟ ‘ಇಂಗ್ರೆಸ್’ನ ಆಟಗಾರರು ಸೂಚಿಸಿದವು. ಅವರು ಓಡಾಡದ ಕಡೆ ತಾಣಗಳೂ ಕಡಿಮೆ ಇದ್ದವು. ಅಮೆರಿಕದ ಕಪ್ಪುಜನರ ಬಡಾವಣೆಗಳಲ್ಲಿ ಅವು ವಿರಳವಾಗಿದ್ದವು. ಇನ್ನು ತಾಣಗಳಾಗಿ ಗುರುತಾದ ಕೆಲವು ಜಾಗಗಳು ಆಟಕ್ಕೆ ತಕ್ಕವಾಗಿರಲಿಲ್ಲ: ವಾಷಿಂಗ್ಟನ್ನಿನ ಹಾಲೊಕಾಸ್ಟ್ ವಸ್ತುಸಂಗ್ರಹಾಲಯವಂತೂ ಒಳಗೆ ಆಡಬೇಡಿ ಎಂದು ಸಂದರ್ಶಕರನ್ನು ಕೋರಬೇಕಾಯಿತು.