ಅವ್ವನ ಗುಳಗಿ, ಅಕ್ಕಿಯ ಬೂಷ್ಟು

ಹೋದ ವರ್ಷ ಅವ್ವನ ರಕ್ತ ತಪಾಸಣೆ ಮಾಡಿಸಿದಾಗ ಎಲ್‌ಡಿಎಲ್ 178 ಬಂತು. ಡಾಕ್ಟರು ದಿನಾ ರಾತ್ರಿ ನುಂಗಾಕ ಒಂದು ಗುಳಗಿ ಬರದು ಕೊಟ್ರು. ಹದಿನೈದು ದಿನ ತಗೊಂಡು ಬಿಟ್ಟಬಿಟ್ಲು. "ನಮ್ಮ ಅತ್ತಿ ಎಂಬತ್ತು ವರ್ಷ ಬಾಳಿದ್ಲು, ಒಂದ ಗುಳಗಿ ನುಂಗಲಿಲ್ಲ. ನನಗೂ ಈ ಕೆಮಿಕಲ್ ಬ್ಯಾಡ. ಬಳ್ಳೊಳ್ಳಿ ತಿಂತೀನಿ, ಮೆಂತೆ ನೀರು ಕುಡೀತೀನಿ" ಅಂದ್ಲು.

ಅಕಿ ಮಾತಿನ್ಯಾಗ ಅರ್ಧ ಖರೇ ಇತ್ತು. ಅಜ್ಜಿ ಕಾಲದಾಗ ಗಾಣದ ಕುಸುಬಿ ಎಣ್ಣಿ, ಜ್ವಾಳದ ರೊಟ್ಟಿ, ಅಗಸಿ ಹಿಂಡಿ. ತುಪ್ಪ ಹಬ್ಬಕ್ಕ ಮಾತ್ರ. ಹೊಲಕ್ಕ ನಡದ ಹೋಗೂದು, ನಡದ ಬರೂದು. ಕುಸುಬಿ ಎಣ್ಣಿಯೊಳಗ ಲಿನೋಲಿಕ್ ಆಮ್ಲ ಭಾಳ, ಕೊಲೆಸ್ಟರಾಲ್ ಏರಿಸೋ ಸ್ಯಾಚುರೇಟೆಡ್ ಕೊಬ್ಬು ಕಡಿಮಿ.

ನಡುವ ವನಸ್ಪತಿ ಬಂತು. ಎಣ್ಣಿಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡೋ ರೀತಿಗೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಾಗ ಪೇಟೆಂಟ್ ತಗೊಂಡಿದ್ದ. ನಮ್ಮ ದೇಶದಾಗ 1937ಕ್ಕ ಡಾಲ್ಡಾ ಬಂತು. ತುಪ್ಪಕ್ಕಿಂತ ಸೋವಿ, ಲಗೂನ ಕೆಡೂದಿಲ್ಲ. ಮದುವಿ ಬೂಂದಿ, ದೀಪಾವಳಿ ಕರದ ತಿಂಡಿ ಎಲ್ಲಾ ವನಸ್ಪತಿಯೊಳಗ. ಖಾಲಿ ಡಬ್ಬ್ಯಾಗ ತುಳಸಿ ಹಚ್ಚಿದ್ದೂ ನೆನಪೈತಿ. ಅದರೊಳಗಿನ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲ್ ಏರಿಸಿ, ಒಳ್ಳೇದನ್ನ ಇಳಸ್ತೈತಿ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮ್ಯಾಲ. 2022ರಿಂದ ಅದಕ್ಕ ಶೇ. 2ರ ಮಿತಿ ಹಾಕ್ಯಾರ.

ಇನ್ನ ಅವ್ವನ "ಕೆಮಿಕಲ್" ಕತಿ ಕೇಳ್ರಿ. ಜಪಾನಿನ ಅಕಿರಾ ಎಂಡೋ ರೈತರ ಮನಿ ಮಗ. ಬೂಷ್ಟಿನಿಂದ ಪೆನಿಸಿಲಿನ್ ಸಿಕ್ಕದ್ದು ಓದಿ, ಕೊಲೆಸ್ಟರಾಲ್ ತಯಾರಾಗೂದನ್ನ ತಡಿಯೋದೂ ಬೂಷ್ಟಿನ್ಯಾಗ ಸಿಗಬಹುದು ಅಂತ 1971ರಾಗ ಹುಡುಕಾಕ ನಿಂತ. ಸುಮಾರು 6,000 ತಳಿ ನೋಡಿದ ಮ್ಯಾಲ, ಕ್ಯೋಟೋದ ಒಂದು ಧಾನ್ಯದ ಅಂಗಡಿಯ ಅಕ್ಕಿ ಮ್ಯಾಲಿನ ನೀಲಿ-ಹಸಿರು ಬೂಷ್ಟಿನಿಂದ 1973ರಾಗ ಕಾಂಪ್ಯಾಕ್ಟಿನ್ ಸಿಕ್ತು. ಅದೇ ಮೊದಲ ಸ್ಟಾಟಿನ್. 1987ರಾಗ ಅಮೆರಿಕಾದಾಗ ಒಪ್ಪಿಗಿ ಪಡದ ಲೋವಾಸ್ಟಾಟಿನ್ನೂ ಬೂಷ್ಟಿಂದ. ಚೀನಾದವರು ಶತಮಾನಗಳಿಂದ ತಿನ್ನೋ ಕೆಂಪು ಬೂಷ್ಟಿನ ಅಕ್ಕಿಯೊಳಗೂ ಅದೇ ವಸ್ತು ಐತಿ. ಅದಕ್ಕ "ನೈಸರ್ಗಿಕ" ಅಂತ ಮಾರೋ ಅದರ ಪುಡಿನ್ನ ಡಾಕ್ಟರಿಗೆ ಹೇಳದ ತಿನಬಾರದು. ಪ್ರಮಾಣ ಒಂದೊಂದ್ರಾಗ ಒಂದೊಂದು, ಅಡ್ಡ ಪರಿಣಾಮ ಗುಳಗಿದ.

ಇದನ್ನೆಲ್ಲಾ ಅವ್ವಗ ಹೇಳಿದ್ನಿ. "ಅಂದ್ರ ಅಕ್ಕಿ ಹಳಸಿದ್ದನ್ನ ಗುಳಗಿ ಮಾಡ್ಯಾರೇನು?" ಅಂತ ನಕ್ಲು. ರಾತ್ರಿ ತಾನ ಡಬ್ಬಿ ತಗದ್ಲು.

ಮೆಂತಿನೂ ಬಿಟ್ಟಿಲ್ಲ, ಬಿಡೂದೂ ಬ್ಯಾಡ. ಮೆಂತೆ, ಅಗಸಿಯೊಳಗಿನ ಕರಗೋ ನಾರು ಕರುಳಿನ್ಯಾಗ ಪಿತ್ತರಸ ಹಿಡಕೊಂಡು ಹೊರಗ ಒಯ್ತೈತಿ. ಹೊಸ ಪಿತ್ತ ಮಾಡಾಕ ಯಕೃತ್ತು ರಕ್ತದಾಗಿನ ಕೊಲೆಸ್ಟರಾಲ್ ಎಳಕೊಳ್ತೈತಿ. ಕೆಲಸ ಖರೇ, ಆದ್ರ ಸಣ್ಣದು. ಸಂಜಿಕಿ ಕೆರಿ ದಂಡಿಗೆ ಒಂದು ತಾಸು ನಡೀತಾಳ. ನಾಕು ತಿಂಗಳಿಗೆ ಎಲ್‌ಡಿಎಲ್ 104. "ಯಾವದರಿಂದ ಇಳೀತು?" ಅಂತ ಕೇಳಿದ್ರ, "ಎಲ್ಲಾದರಿಂದನೂ" ಅಂತಾಳ. ಅತ್ತಿ ಅಡಗಿ ಜೋಡಿ ಗುಳಗಿನೂ ಈಗ ಅಕಿ ಮನಿ ಔಷಧಾನ ಆಗೈತಿ.