ಪಾದ್ರಿಗಳ ತೋಟ: ಬಿತ್ತಿದ್ದು, ಬೆಳೆದದ್ದು

ಕ್ರೈಸ್ತ ಶಾಸ್ತ್ರದಲ್ಲಿ ತೋಟಗಾರನ ಮಾತು ಹೇರಳ. ಬಿತ್ತುವವನ ಸಾಮ್ಯ, ಸಾಸಿವೆ ಕಾಳಿನ ಸಾಮ್ಯ, ದ್ರಾಕ್ಷಾಬಳ್ಳಿಯ ಮಾತು ಇವೆಲ್ಲ ಎಲ್ಲರೂ ಕೇಳಿದವೇ. ಅಷ್ಟಾಗಿ ಕೇಳಿಬರದ ಇನ್ನೊಂದು ಕಥೆ ಲೂಕನ ಸುವಾರ್ತೆಯಲ್ಲಿದೆ. ಮೂರು ವರ್ಷವಾದರೂ ಫಲ ಕೊಡದ ಅಂಜೂರದ ಮರವನ್ನು ಕಡಿದುಹಾಕೆಂದು ಒಡೆಯ ಹೇಳುತ್ತಾನೆ. ಇನ್ನೊಂದು ವರ್ಷ ಬಿಡಿ, ಬುಡ ಅಗೆದು ಗೊಬ್ಬರ ಹಾಕಿ ನೋಡುತ್ತೇನೆ ಎಂದು ತೋಟದ ಆಳು ಬೇಡಿಕೊಳ್ಳುತ್ತಾನೆ. ಕನ್ನಡ ನಾಡಿಗೆ ಬಂದ ಮಿಶನರಿಗಳ ಚರಿತ್ರೆಯನ್ನು ಓದುವಾಗಲೆಲ್ಲ ನಮಗೆ ಈ ಒಡೆಯ ಮತ್ತು ಆಳು ಇಬ್ಬರೂ ನೆನಪಾಗುತ್ತಾರೆ. ಒಡೆಯ ದೂರದ ಯುರೋಪಿನಲ್ಲಿ ವರ್ಷದ ಲೆಕ್ಕ ಕೇಳುತ್ತ ಕೂತಿರುತ್ತಿದ್ದ; ಆಳು ಇಲ್ಲಿ ಬುಡ ಅಗೆಯುತ್ತಿದ್ದ.

ಉಪಮೆಯನ್ನು ಉಪಮೆಯಾಗಿಯೇ ಬಿಡದೆ ನಿಜವಾಗಿ ಕೈ ಮಣ್ಣು ಮಾಡಿಕೊಂಡವರಲ್ಲಿ ವಿಲಿಯಂ ಕೇರಿಯ ಹೆಸರು ದೊಡ್ಡದು. 1793ರಲ್ಲಿ ಬಂಗಾಳಕ್ಕೆ ಬಂದು, 1800ರಿಂದ ಶ್ರೀರಾಮಪುರದಲ್ಲಿ ನೆಲೆಸಿದ ಈ ಮಹಾಶಯನಿಗೆ ಕನ್ನಡಿಗರೂ ಋಣಿಗಳು. ಅವನ ಕನ್ನಡ ವ್ಯಾಕರಣ 1817ರಲ್ಲೇ ಅಚ್ಚಾಯಿತು. ಬೈಬಲ್ ಭಾಷಾಂತರದ ನಡುವೆಯೂ ಅವನು ಗಿಡಗಳನ್ನು ಬಿಡಲಿಲ್ಲ. 1820ರಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವೊಂದನ್ನು ಕಲಕತ್ತೆಯಲ್ಲಿ ಹುಟ್ಟುಹಾಕಿದ. 1823ರ ನೆರೆ ಅವನ ತೋಟವನ್ನು ಹಾಳುಮಾಡಿದಾಗ ಮತ್ತೆ ಮೊದಲಿನಿಂದ ನೆಟ್ಟ. ನಮ್ಮ ಮಲೆನಾಡಿನ ಕವಲು ಮರ, ಈ ಠಾಣೆಯ ಕಾಡುಗಳಲ್ಲಿ ಮರಾಠಿಗರು ಕುಂಭಾ ಎನ್ನುವ ಅದೇ ಮರ, ಸಸ್ಯಶಾಸ್ತ್ರದಲ್ಲಿ ಇಂದಿಗೂ ಅವನ ಹೆಸರಿನಲ್ಲೇ ಇದೆ: ಕೇರಿಯಾ ಆರ್ಬೋರಿಯಾ.

ಅವನದೊಂದು ಸಣ್ಣ ಸಂಗತಿ ಹೇಳದೆ ಮುಂದೆ ಹೋಗಲಾರೆವು. ಇಂಗ್ಲೆಂಡಿನಿಂದ ಬಂದ ಬೀಜದ ಚೀಲವನ್ನು ಅವನು ತೋಟದ ಮೂಲೆಯಲ್ಲಿ ಕೊಡವಿದ. ಕೆಲವು ದಿನಗಳಲ್ಲಿ ಆ ಧೂಳಿನಿಂದ ಅವನ ಊರಿನ ಹೊಲಗಳ ಸಾಮಾನ್ಯ ಡೇಸಿ ಹೂವಿನ ಗಿಡ ಎದ್ದಿತು. ತಾಯ್ನಾಡನ್ನು ಮತ್ತೆ ಕಾಣದ ಆ ಮನುಷ್ಯನಿಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಅಲ್ಲಿ ವರ್ಷಾನುವರ್ಷ ಬಾಳುವ ಗಿಡ ಬಂಗಾಳದ ಸೆಕೆಯಲ್ಲಿ ಒಂದು ಋತು ಮಾತ್ರ ಉಳಿಯುತ್ತಿತ್ತು. ಪ್ರತಿ ವರ್ಷ ಬೀಜ ಆರಿಸಿ, ಕಾಪಿಟ್ಟು, ಮತ್ತೆ ಬಿತ್ತಬೇಕಾಗಿತ್ತು. ಮನೆಯ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು ಹೆಣಗುವ ಅಂಬರನಾಥದ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೇರಿ ತೀರಿಕೊಂಡದ್ದು 1834ರಲ್ಲಿ. ಅದೇ ವರ್ಷ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರ ಕೆಲಸ ಬೇರೂರಿದ ಬಲ್ಮಠದ ಗುಡ್ಡದ ಹೆಸರು ಮಂಗಳೂರಿಗರಿಗೆ ಹೊಸದಲ್ಲ. ಬಿತ್ತುವುದು ಸುಲಭವಾಗಿತ್ತು, ಬಿತ್ತಿದ ಮೇಲಿನ ಕಷ್ಟ ಬೇರೆ. ಕರಾವಳಿಯಲ್ಲಿ ಕ್ರೈಸ್ತರಾದವರಲ್ಲಿ ಹೆಚ್ಚಿನವರು ಬಿಲ್ಲವರು. ತಾಳೆ, ತೆಂಗಿನ ಮರವೇರಿ ಮೂರ್ತೆ ಮಾಡುವುದು ಅವರಲ್ಲಿ ಅನೇಕರ ಕಸುಬು. ಶೇಂದಿಯ ಕಸುಬನ್ನು ಸಭೆ ಒಪ್ಪಲಿಲ್ಲ. ಜಾತಿಯವರು ಹೊರಗಿಟ್ಟರು, ಒಕ್ಕಲಿನ ಜಮೀನು ಕೈತಪ್ಪುವ ಭಯ ಬಂತು. ಕಿತ್ತ ಸಸಿಯನ್ನು ಎಲ್ಲಿ ನೆಡುವುದು? ಈ ಪ್ರಶ್ನೆಗೆ ಉತ್ತರವಾಗಿಯೇ ಮಿಶನ್ ಮಗ್ಗ ಹಾಕಿತು; 1865ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂಬಯಿಯ ಹಳೆಯ ಮಾಡುಗಳ ಮೇಲೂ ಮಂಗಳೂರು ಹಂಚು ಕೂತದ್ದು ಆಮೇಲಿನ ಕಥೆ.

ಕಾರ್ಖಾನೆಗಿಂತ ಮೊದಲು ನೆಲದ ಪ್ರಯೋಗಗಳೂ ನಡೆದಿದ್ದವು. ಗದಗ-ಬೆಟಗೇರಿಯ ಹತ್ತಿರ ಮಲಸಮುದ್ರದಲ್ಲಿ 1841ರಲ್ಲಿ ಒಂದು ಒಕ್ಕಲುತನದ ನೆಲೆ ಕಟ್ಟಲು ಹೊರಟರು. ಗುರುವೊಬ್ಬ ಬರುವನೆಂದು ಕಾಯುತ್ತಿದ್ದ ಕಾಲಜ್ಞಾನದ ಜನ ಅಲ್ಲಿಗೆ ಬಂದು ನೆಲೆಸುವರೆಂಬ ನಿರೀಕ್ಷೆ. ಬಂದವರು ಕಡಿಮೆ, ನಿಂತವರು ಇನ್ನೂ ಕಡಿಮೆ. ಯಾರ ಹೊಲದಲ್ಲಿ ಯಾರ ಮಳೆಯನ್ನು ನಂಬಿ ಬಿತ್ತಿದೆವೆಂದು ವಿಚಾರಿಸದೆ ಬಿತ್ತಿದರೆ ಹೀಗೆಯೇ.

ಹೆಚ್ಚು ವಿಚಾರ ಮಾಡಬೇಕಾದದ್ದು ಕೊಡಗಿನ ಆನಂದಪುರ. ಹೆರ್ಮನ್ ಮೋಗ್ಲಿಂಗ್ ಎಂದರೆ 1843ರ 'ಮಂಗಳೂರ ಸಮಾಚಾರ' ನೆನಪಾಗುತ್ತದೆ. 1848ರಿಂದ ಹಳೆಯ ಕನ್ನಡ ಕಾವ್ಯಗಳನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಉಳಿಸಿಕೊಟ್ಟ ಪುಣ್ಯಾತ್ಮ ಅವನೇ. ಆದರೆ ಅವನು ಕಾಫಿ ತೋಟ ಮಾಡಿದ್ದನ್ನು ನಮ್ಮವರು ಅಷ್ಟಾಗಿ ಬಲ್ಲವರಲ್ಲ. 1853ರಲ್ಲಿ ಆಲ್ಮಂಡ ಸೋಮಯ್ಯ ಎಂಬ ಕೊಡವರೊಬ್ಬರು ದೀಕ್ಷಾಸ್ನಾನ ಪಡೆದ ಪ್ರಸಂಗದಿಂದ ಮೋಗ್ಲಿಂಗ್ ಕೊಡಗಿಗೆ ಹೋದ. ಸ್ವಲ್ಪ ಕಾಲದಲ್ಲಿ ಅವನ ಹತ್ತಿರ ಬಂದವರು ಭೂಮಿಯೊಡೆಯರಲ್ಲ, ತಲೆತಲಾಂತರದಿಂದ ಒಡೆಯರ ಗದ್ದೆಗಳಲ್ಲಿ ಜೀತಕ್ಕಿದ್ದ, ಆಗ ಹೊಲೆಯರೆಂದು ಕರೆಯುತ್ತಿದ್ದ ಬಡವರು. ಅವರಿಗೆ ಬೋಧನೆ ಸಾಲದು, ನಿಲ್ಲಲು ನೆಲ ಬೇಕೆಂದು ಮೋಗ್ಲಿಂಗನಿಗೆ ತೋಚಿತು. ಹೀಗೆ ಆನಂದಪುರ ಹುಟ್ಟಿತು, ಅದರೊಂದಿಗೆ ಕಾಫಿ ತೋಟವೂ.

ಕಾಫಿ ಅವಸರದ ಬೆಳೆಯಲ್ಲ. ಬೀಜವನ್ನು ಪಾತಿಯಲ್ಲಿ ನೆರಳಿನಡಿ ಮೊಳೆಸಬೇಕು, ಮಳೆಗಾಲದ ಆರಂಭಕ್ಕೆ ಗುಂಡಿಗೆ ಇಳಿಸಬೇಕು. ಮೂರು-ನಾಲ್ಕು ವರ್ಷ ಖರ್ಚೇ ಹೊರತು ಆದಾಯವಿಲ್ಲ. ಆ ವರ್ಷಗಳಲ್ಲಿ ಕೂಲಿ ಕೊಡಬೇಕು, ಹೊಸದಾಗಿ ಬಂದ ಕುಟುಂಬಗಳಿಗೆ ಹೊಟ್ಟೆಗೂ ಬೇಕು. ತೋಟ ಸಾಲಕ್ಕೆ ಬಿತ್ತು. ಹೆಂಡತಿಯ ಕಾಯಿಲೆಯಿಂದಾಗಿ ಮೋಗ್ಲಿಂಗ್ 1860ರಲ್ಲಿ ದೇಶಕ್ಕೆ ಹೊರಟುಹೋದ, ಮತ್ತೆ ಬರಲಿಲ್ಲ. ಅನಂತರ 1865-66ರ ಸುಮಾರಿಗೆ ಕೊಡಗಿನ ಕಾಫಿಗೆ ಕಾಂಡಕೊರಕದ ಹುಳು ಬಿದ್ದು ಎಷ್ಟೋ ಎಸ್ಟೇಟುಗಳು ನೆಲಕಚ್ಚಿದವು. ಪರೀಕ್ಷೆಗೆ ಬಂದ ಡಾಕ್ಟರ್ ಬಿಡಿ ಕಂಡುಕೊಂಡ ಮುಖ್ಯ ಸಂಗತಿ ಸರಳ: ಹೆಚ್ಚು ಬೆಳೆಯಾಗಲೆಂದು ಕಾಡನ್ನು ಬೋಳಿಸಿ, ನೆರಳಿನ ಮರಗಳನ್ನೆಲ್ಲ ಕಡಿದ ತೋಟಗಳಲ್ಲೇ ಹುಳುವಿನ ಹಾವಳಿ ಜಾಸ್ತಿ.

ಮತಪ್ರಚಾರವನ್ನು ಒಪ್ಪದವರೂ ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಅಕ್ಕಿಗಾಗಿ ಕ್ರೈಸ್ತರಾದರು ಎಂದು ಹಗುರವಾಗಿ ಆಡುವುದು ವಾಡಿಕೆ. ಜೀತದವನಿಗೆ ನೆಲದ ಆಸೆ ಪಾಪವೇ? ಹೊಟ್ಟೆ ತುಂಬಿದವರು ಹಸಿದವನ ನಂಬಿಕೆಯನ್ನು ತೂಗಲು ಕೂತರೆ ತಕ್ಕಡಿ ಯಾರದು? ಮಿಶನ್ನಿನದೂ ತಪ್ಪಿಲ್ಲದಿಲ್ಲ. ಮಿಶನ್ ಕಾಂಪೌಂಡು ಒಂದು ಸಸಿಮಡಿ. ಸಸಿಮಡಿಯಲ್ಲಿ ನೀರು, ನೆರಳು, ಬೇಲಿ ಎಲ್ಲ ಬೇಕು, ಒಂದು ಹಂಗಾಮಿನ ಮಟ್ಟಿಗೆ. ಕಾಲ ಮೀರಿದರೆ ಬೇರು ಬೇರಿಗೆ ಸುತ್ತಿಕೊಳ್ಳುತ್ತದೆ. ಕೆಲಸ ಮಿಶನ್ನಿನದು, ಮನೆ ಮಿಶನ್ನಿನದು, ಶಾಲೆ ಮಿಶನ್ನಿನದು, ಕೊನೆಗೆ ಸಮಾಧಿಯೂ ಮಿಶನ್ನಿನದೇ ಆದಲ್ಲಿ ಶಿಷ್ಯ ಯಾವಾಗ ತನ್ನ ಕಾಲ ಮೇಲೆ ನಿಲ್ಲಬೇಕು? ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಶನರಿಗಳನ್ನು ಸೆರೆಯಲ್ಲಿಟ್ಟು ಹೊರಗೆ ಕಳಿಸಿ, ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಾಗ ಈ ಪ್ರಶ್ನೆ ಪುಸ್ತಕದ್ದಾಗಿ ಉಳಿಯಲಿಲ್ಲ. ನಾಡಿನ ಉಪದೇಶಿಗಳೂ ಹಿರಿಯರೂ ಸಭೆಗಳನ್ನು ನಡೆಸಬೇಕಾಯಿತು, ನಡೆಸಿದರು.

ಇಂಥದೇ ಪರೀಕ್ಷೆ ನಮ್ಮ ನೆರೆಯಲ್ಲಿ ಇನ್ನೂ ಹಿಂದೆ ನಡೆದಿದೆ. 2014ರಲ್ಲಿ ಪಾಲಘರ ಬೇರೆಯಾಗುವವರೆಗೆ ವಸಯಿ ನಮ್ಮ ಠಾಣೆ ಜಿಲ್ಲೆಯದೇ. 1534ರಲ್ಲಿ ಪೋರ್ತುಗೀಸರ ಕೈಸೇರಿದ ಆ ಸೀಮೆಯಲ್ಲಿ ಕ್ರೈಸ್ತರಾದ ವಾಡಿಯ ಜನ ತೋಟಗಾರರು. 1739ರಲ್ಲಿ ಚಿಮಾಜಿ ಅಪ್ಪಾ ಕೋಟೆಯನ್ನು ಗೆದ್ದಮೇಲೆ ಬಿತ್ತಿದವರ ರಾಜ್ಯ ಹೋಯಿತು. ತೋಟದವರು ಹೋಗಲಿಲ್ಲ. ಬಾಳೆ, ವೀಳ್ಯದೆಲೆ, ಹೂವು, ಕಾಯಿಪಲ್ಲೆ ಬೆಳೆಯುತ್ತ, ಮನೆಯಲ್ಲಿ ತಮ್ಮ ಸಾಮವೇದಿ ಮಾತನ್ನೇ ಆಡುತ್ತ, ತಮ್ಮ ನಂಬಿಕೆಯನ್ನೂ ಉಳಿಸಿಕೊಂಡರು. ಮಳೆಯ ನೀರನ್ನು ತಡೆದು ತೋಟಕ್ಕೆ ಉಣಿಸುವ ಬಾವಖಲ ಎಂಬ ಹೊಂಡಗಳನ್ನು ಅಲ್ಲಿ ಈಗಲೂ ಅಲ್ಲಲ್ಲಿ ಕಾಣಬಹುದು. ಅಲ್ಲಿಯ ಒಣಬಾಳೆ, ಸುಕೇಳಿ, ನಮ್ಮ ಕೆಲವು ಮನೆಗಳ ಫಲಾಹಾರಕ್ಕೂ ಬರುತ್ತದೆ.

ಈ ವಾಡಿಗಳ ಮಗ ಫಾದರ್ ಫ್ರಾನ್ಸಿಸ್ ದಿಬ್ರಿಟೊ. ಬೈಬಲನ್ನು ತಿಳಿಮರಾಠಿಗೆ ತಂದ ಪಾದ್ರಿ. 2020ರ ಜನವರಿಯಲ್ಲಿ ಉಸ್ಮಾನಾಬಾದಿನ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದವರು. ಕಟ್ಟಡದವರು ವಸಯಿಯ ಹಸಿರಿನ ಮೇಲೆ ಕಣ್ಣು ಹಾಕಿದಾಗ 'ಹರಿತ ವಸಯಿ' ಎಂದು ಜನರನ್ನು ಕಟ್ಟಿಕೊಂಡು ಬೀದಿಗಿಳಿದ ಅವರ ಜೊತೆ ಎಲ್ಲ ಮತದವರೂ ಇದ್ದರು. ಅವರು 2024ರ ಜುಲೈಯಲ್ಲಿ ತೀರಿಕೊಂಡರು. ವಾಡಿಗಳು ಮೊದಲಿಗಿಂತ ಬಹಳ ಕಡಿಮೆಯಾಗಿವೆ. ಉಳಿದವುಗಳಲ್ಲಿ ಬಾಳೆ ಇನ್ನೂ ಗೊನೆ ಹಾಕುತ್ತಿದೆ.